ಹಡಗಿನಲ್ಲಿ ಬಡಿಸಿದವರು ಉಣ್ಣುವುದು ಯಾವಾಗ?

ಕ್ರೂಸ್ ಅಂದರೆ ಹಡಗಿನ ಪ್ರವಾಸ. ಅದು ಮುಗಿಯುವ ಹಿಂದಿನ ದಿನ ಗೆಸ್ಟ್ ಸರ್ವಿಸ್ ಕೌಂಟರ್ ಮುಂದೆ ಸಾಲು ಉದ್ದವಾಗುತ್ತದೆ. ಬಿಲ್ಲಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅಂತ ಕೇಳಲು ಬಂದವರು ಕೆಲವರು, ಅದು ಸರಿ. ಇನ್ನು ಕೆಲವರು ಬಂದಿರುವುದು ದಿನಕ್ಕಿಷ್ಟು ಅಂತ ಬಿಲ್ಲಿಗೆ ತಾನಾಗಿಯೇ ಸೇರಿರುವ ಟಿಪ್ಸ್ ತೆಗೆಸಲು. ಹೋಗಿ ಕೇಳಿದರೆ ಎಷ್ಟೋ ಕಂಪನಿಗಳು ತೆಗೆದುಬಿಡುತ್ತವೆ. ಆ ಸಾಲಿನಲ್ಲಿ ಎಲ್ಲ ದೇಶದವರೂ ಇರುತ್ತಾರೆ, ನಮ್ಮವರೂ ಇರುತ್ತಾರೆ. "ಟಿಕೆಟ್ಟಿಗೆ ಅಷ್ಟು ರೊಕ್ಕ ಕೊಟ್ಟೇವಿ, ಮತ್ತ ಇದ್ಯಾಕ?" ಅನ್ನುವ ಮಾತು ಈ ಸಲ ನನ್ನ ಕಿವಿಗೇ ಬಿತ್ತು, ಅದೂ ನಮ್ಮ ಕಡೆಯ ಕನ್ನಡದಲ್ಲಿ. ಆ ದುಡ್ಡು ಯಾರದು, ಯಾಕೆ ತೆಗೆಸಬಾರದು ಅಂತ ಬರೆಯಲೇಬೇಕು ಅನ್ನಿಸಿತು.

ನಾನು ಗದಗಿನವನು. ಸಿಯಾಟಲ್ ಸೇರಿ ಬಹಳ ವರ್ಷಗಳಾದವು. ಈ ಬೇಸಿಗೆಯಲ್ಲಿ ಅಪ್ಪ ಅವ್ವ ಬಂದಿದ್ದರು, ಅವರನ್ನು ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋದೆವು. ಈಗ ಅವರನ್ನು ಊರಿಗೆ ಬಿಡಲು ಬಂದು ಗದಗಿನ ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ದಿನಾ ಸಂಜೆ ಒಬ್ಬರಲ್ಲ ಒಬ್ಬರು ಬರುತ್ತಾರೆ. ಹಡಗು ಎಷ್ಟು ದೊಡ್ಡದು, ಎಷ್ಟು ಮಾಳಿಗೆ, ಹೊಟ್ಟೆ ತೊಳಸುತ್ತಾ, ಊಟಕ್ಕೆ ಏನೇನು ಇರುತ್ತೆ, ಎಲ್ಲ ಕೇಳುತ್ತಾರೆ. ಅಪ್ಪನಿಗೆ ಹಿಮದ ಬೆಟ್ಟದ ಕಥೆ ಹೇಳಿ ಹೇಳಿ ಬೇಜಾರೇ ಇಲ್ಲ. ಅವ್ವ ಮಾತ್ರ ಪ್ರತಿ ಸಲವೂ ಮಾತನ್ನು ಒಂದೇ ಕಡೆಗೆ ತರುತ್ತಾಳೆ: "ಆ ಹುಡುಗರು ಪಾಪ, ಯಾವಾಗ ಉಣ್ತಿದ್ವೋ ಏನೋ."

ಅವ್ವನಿಗೆ ಅದು ಅಂಟಿಕೊಂಡಿದ್ದು ಊಟದ ಮೇಜಿನಲ್ಲಿ. ನಾವು ಸಸ್ಯಾಹಾರಿಗಳು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಅವ್ವ ಕಟ್ಟಿ ಇಟ್ಟಿದ್ದ ಕಟಕ ರೊಟ್ಟಿ ಮನೆಯಲ್ಲೇ ಉಳಿಯಿತು. ಅಂಗಡಿಯ ಪ್ಯಾಕೆಟ್ಟಿನ ಶೇಂಗಾ ಚಟ್ನಿಪುಡಿ ಮಾತ್ರ ಜೊತೆಗೆ ಬಂತು. ಅದನ್ನು ಮೇಜಿನ ಮೇಲೆ ಇಟ್ಟಾಗ ನೀರು ಹಾಕಲು ಬಂದ ಹುಡುಗ ಒಂದು ಕ್ಷಣ ನಿಂತು, "ಅಮ್ಮಾ, ನೀವು ಹುಬ್ಬಳ್ಳಿ ಕಡೆಯವರಾ?" ಅಂದ. ಕಾರವಾರದ ಹುಡುಗ. ಅವತ್ತಿನಿಂದ ದಿನಾ ರಾತ್ರಿ ನಮ್ಮ ಮೇಜಿಗೆ ಬಂದಾಗ ಅವ್ವನ ಮೊದಲ ಮಾತು ಒಂದೇ, "ತಮ್ಮಾ, ನಿಂದು ಊಟ ಆತೇನು?" ಅವನದೂ ಒಂದೇ ಉತ್ತರ, "ಇಲ್ಲಮ್ಮಾ, ನಿಮ್ಮದೆಲ್ಲ ಮುಗಿದ ಮೇಲೆ." ನಿಮ್ಮದೆಲ್ಲ ಅಂದರೆ ಎರಡನೇ ಸರದಿಯ ಊಟ ಮುಗಿದು, ಮೇಜು ಒರೆಸಿ, ಬೆಳಗಿನ ತಿಂಡಿಗೆ ಚಮಚ ಫೋರ್ಕ್ ಜೋಡಿಸಿ ಇಟ್ಟ ಮೇಲೆ. ರಾತ್ರಿ ಹನ್ನೊಂದು ದಾಟಿರುತ್ತದೆ. ಬೆಳಗ್ಗೆ ಬಫೆಯಲ್ಲಿ ದೋಸೆಗೋ ಆಮ್ಲೆಟ್ಟಿಗೋ ಹೋದರೆ ಅಲ್ಲೂ ಅವನೇ ಇರುತ್ತಿದ್ದ.

ಗ್ಲೇಸಿಯರ್ ಬೇ ಅನ್ನುವ ಕೊಲ್ಲಿಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಅಲ್ಲಿಗೆ ಬಂದಾಗ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ನಿಂತಿತ್ತಂತೆ. ಈಗ ಸುಮಾರು 100 ಕಿಲೋಮೀಟರ್ ಒಳಗೆ ಹೋದರೆ ಮಾತ್ರ ಹಿಮನದಿ ಸಿಗುತ್ತದೆ. ದಿನಕ್ಕೆ ಎರಡಕ್ಕಿಂತ ಜಾಸ್ತಿ ಕ್ರೂಸ್ ಹಡಗುಗಳನ್ನು ಅಲ್ಲಿಗೆ ಬಿಡುವುದಿಲ್ಲ. ಹಡಗು ಮಾರ್ಜರಿ ಹಿಮನದಿಯ ಮುಂದೆ ಹೋಗಿ ನಿಂತಿತು. ಸಾವಿರಾರು ಜನ ಡೆಕ್ ಮೇಲೆ ಕಂಬಳಿ ಹೊದ್ದು, ಫೋನ್ ಹಿಡಿದು, ಹಿಮದ ಚೂರು ಯಾವಾಗ ಬೀಳುತ್ತೋ ಅಂತ ಉಸಿರು ಹಿಡಿದು ಕಾಯುತ್ತಿದ್ದಾರೆ. ಆ ಜನರ ನಡುವೆ ಸಮವಸ್ತ್ರದ ಹುಡುಗ ಹುಡುಗಿಯರು ಬಿಸಿ ಸೂಪು, ಬಿಸಿ ಚಾಕೊಲೇಟು ಹಂಚುತ್ತಿದ್ದರು. ನಮ್ಮ ಕಡೆ ತಿರುಗಿ ಕಪ್ಪು ಕೊಡುವಾಗ ಅವರ ಬೆನ್ನು ಹಿಮದ ಕಡೆಗೆ. ಹಿಂದೆ ದೊಡ್ಡ ಸದ್ದಾಗಿ ಹಿಮ ಕುಸಿದು ನೀರಿಗೆ ಬಿತ್ತು, ಎಲ್ಲರೂ ಕೂಗಿದರು. ನನ್ನ ಮುಂದಿದ್ದ ಹುಡುಗಿ ತಿರುಗಲಿಲ್ಲ, ತಟ್ಟೆಯಲ್ಲಿ ಕಪ್ಪುಗಳು ತುಂಬಿದ್ದವು.

ಇವರ ಕೆಲಸದ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಇದು ಗೊತ್ತಿದ್ದರೆ ಆ ಸಾಲಿನಲ್ಲಿ ನಿಲ್ಲುವವರಲ್ಲಿ ಅರ್ಧ ಜನರಾದರೂ ನಿಲ್ಲಲಾರರು ಅಂತ ನನ್ನ ನಂಬಿಕೆ.

ನಾವು ಹೋದ ಹಡಗು ಅಮೆರಿಕದಿಂದ ಹೊರಡುತ್ತದೆ, ಅಮೆರಿಕದ ಜನರನ್ನೇ ಹೆಚ್ಚಾಗಿ ಒಯ್ಯುತ್ತದೆ, ಆದರೆ ಅದರ ಬಾವುಟ ಬಹಾಮಾಸ್ ದೇಶದ್ದು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಾಗಿ ಹೀಗೇ. ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ, ಎಲ್ಲೋ ಒಂದು ಕಡೆ ನೋಂದಣಿ. ನಮ್ಮ ಪ್ರವಾಸದ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ಗಂಟೆ ನಿಂತದ್ದಕ್ಕೂ ಇದೇ ಕಾರಣ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ಅಲ್ಲಿಂದ ಹೊರಟು ಅಲ್ಲಿನ ಊರುಗಳನ್ನೇ ಸುತ್ತಿ ಮರಳುವ ವಿದೇಶಿ ಬಾವುಟದ ಹಡಗು ನಡುವೆ ಒಂದಾದರೂ ಪರದೇಶದ ಬಂದರನ್ನು ಮುಟ್ಟಲೇಬೇಕು. ಬಾವುಟ ಯಾವ ದೇಶದ್ದೋ ಕೆಲಸಗಾರರ ಕಾನೂನೂ ಆ ದೇಶದ್ದೇ. ಸಿಯಾಟಲ್ ಬಂದರಿನ ಎದುರಿಗಿರುವ ಕಾಫಿ ಅಂಗಡಿಯ ಹುಡುಗನಿಗೆ ಸಿಗುವ ಕನಿಷ್ಠ ಕೂಲಿ, ನೂರು ಹೆಜ್ಜೆ ದೂರದಲ್ಲಿ ಹಡಗಿನೊಳಗೆ ಕಾಫಿ ಕೊಡುವ ಹುಡುಗನಿಗೆ ಸಿಗುವುದಿಲ್ಲ.

ಪೂರ್ತಿ ಕಾನೂನೇ ಇಲ್ಲ ಅಂತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ಹಡಗಿನ ಕೆಲಸಗಾರರಿಗಾಗಿ ಒಂದು ಒಪ್ಪಂದ ಮಾಡಿತು, 2013ರಲ್ಲಿ ಜಾರಿಗೆ ಬಂತು, 2015ರಲ್ಲಿ ಭಾರತವೂ ಒಪ್ಪಿತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಕೆಲಸದ ವೇಳಾಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಡಗಿನಲ್ಲಿ ಹಚ್ಚಬೇಕು. ಒಳ್ಳೆಯದೇ. ಆದರೆ ಆ ಲೆಕ್ಕವನ್ನು ತಿರುಗಿಸಿ ನೋಡಿ. ವಾರಕ್ಕೆ 168 ಗಂಟೆ, 77 ತೆಗೆದರೆ 91 ಉಳಿಯಿತು, ಅಷ್ಟು ಹೊತ್ತು ಕೆಲಸ ಮಾಡಿಸಲು ಅಡ್ಡಿಯಿಲ್ಲ. ಭಾನುವಾರದ ರಜೆ ಅನ್ನುವುದು ಸಾಮಾನ್ಯವಾಗಿ ಇಲ್ಲ. ಆರು, ಎಂಟು, ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಯುವವರೆಗೆ ದಿನಾ ಕೆಲಸ. ಮಲಗುವುದು ಕೆಳಗಿನ ಡೆಕ್ಕಿನಲ್ಲಿ, ಕಿಟಕಿ ಇಲ್ಲದ ಸಣ್ಣ ಕೋಣೆಯಲ್ಲಿ, ಇಬ್ಬರಿಗೆ ಒಂದು. ಅವರ ಊಟದ ಮನೆ ಬೇರೆ, ಮೆಟ್ಟಿಲು ಬೇರೆ, ಓಡಾಡುವ ಉದ್ದನೆಯ ದಾರಿಯೂ ಬೇರೆ. ನಮ್ಮ ಕಣ್ಣಿಗೆ ಅದು ಒಂದು ಸಲವೂ ಬೀಳದ ಹಾಗೆ ಹಡಗು ಕಟ್ಟಿರುತ್ತಾರೆ.

ಇನ್ನೊಂದು ಮಾತು. ಹಡಗು ಹೊರಡುವ ಮೊದಲೇ ಪ್ರತಿಯೊಬ್ಬ ಪ್ರಯಾಣಿಕನೂ ಅಪಾಯದ ವೇಳೆ ಎಲ್ಲಿ ಸೇರಬೇಕು ಅಂತ ತಿಳಿದುಕೊಂಡು ಬರಬೇಕು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಅಲ್ಲಿಗೆ ಹೋಗಬೇಕು. ಮೊದಲೆಲ್ಲ ಹಡಗು ಹೊರಟು ಒಂದು ದಿನದೊಳಗೆ ಈ ತಾಲೀಮು ಮುಗಿಸಿದರೆ ಸಾಕಿತ್ತು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿ 32 ಜನ ಸತ್ತ ಮೇಲೆ ನಿಯಮ ಬಿಗಿಯಾಯಿತು. ನಮ್ಮ ಜಾಗದಲ್ಲಿ ಪಟ್ಟಿ ಹಿಡಿದು ನಿಂತಿದ್ದವನು ಯಾರು ಗೊತ್ತಾ? ನಮ್ಮ ಕೋಣೆಯ ಹಾಸಿಗೆ ಮಡಚುವ ಹುಡುಗ. ಹಡಗಿನಲ್ಲಿ ಅಡುಗೆಯವನು, ಬಡಿಸುವವನು, ಕಸ ಹೊಡೆಯುವವನು, ಎಲ್ಲರೂ ಬೆಂಕಿ ಆರಿಸುವ ಮತ್ತು ಜೀವ ಉಳಿಸುವ ತರಬೇತಿ ಪಡೆದಿರುತ್ತಾರೆ. ಅವ್ವನಿಗೆ ಮೊಣಕಾಲು ನೋವು, ಗಾಲಿಕುರ್ಚಿ ಬೇಕು. ಏನಾದರೂ ಆಗಿದ್ದರೆ ಅವಳನ್ನು ಎತ್ತಿ ದೋಣಿಯಲ್ಲಿ ಕೂರಿಸಬೇಕಾದವನು ಅವನೇ. ಆ ಮನುಷ್ಯನ ಪಾಲಿನ ದುಡ್ಡನ್ನು ಕೌಂಟರಿಗೆ ಹೋಗಿ ವಾಪಸ್ ಕೇಳುತ್ತೇವಲ್ಲ.

ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಈಗ ಸಾಮಾನ್ಯ ಕೋಣೆಯವರಿಗೆ ಒಬ್ಬರಿಗೆ ದಿನಕ್ಕೆ ಹೆಚ್ಚುಕಡಿಮೆ 16ರಿಂದ 20 ಡಾಲರ್ ಟಿಪ್ಸ್ ಬೀಳುತ್ತದೆ. ಒಂದು ಕುಟುಂಬಕ್ಕೆ ಒಂದು ವಾರಕ್ಕೆ ಅದು ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಅದು ನಾವು ಖುಷಿಯಾಗಿ ಕೊಡುವ ಇನಾಮು ಅಂತ ತಿಳಿಯುವುದೇ ತಪ್ಪು. ನಮ್ಮ ಕಡೆ ಹಿಂದೆ ಸುಗ್ಗಿಯಲ್ಲಿ ಬಡಿಗ, ಕಮ್ಮಾರ, ಕುಂಬಾರರು ಕಣಕ್ಕೆ ಬಂದರೆ ರಾಶಿಯಿಂದ ಜೋಳ ಅಳೆದು ಆಯ ಕೊಡುತ್ತಿದ್ದರಲ್ಲ, ಇದೂ ಹಾಗೆಯೇ. ವರ್ಷವಿಡೀ ಕುಂಟೆ, ಕೂರಿಗೆ ರಿಪೇರಿ ಮಾಡಿದವನಿಗೆ ಕಣದಲ್ಲಿ ಸಿಗುವುದೇ ಕೂಲಿ. ಅವತ್ತು ಕೈ ಹಿಂದೆ ತೆಗೆದರೆ ಊರು ಬಾಯಿಗೆ ಬಂದ ಹಾಗೆ ಬೈಯುತ್ತಿತ್ತು. ಆಯದ ಪದ್ಧತಿ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಹುಟ್ಟಿದ ಜಾತಿಗೆ ಕಟ್ಟಿಹಾಕಿ, ಕೊಡುವವನ ಮರ್ಜಿಯ ಮೇಲೆ ನಿಲ್ಲಿಸುತ್ತಿತ್ತು ಅದು. ಟಿಪ್ಸಿನ ಪದ್ಧತಿಯಲ್ಲೂ ಅದೇ ಕೆಟ್ಟದ್ದು ಇದೆ. ಸಂಬಳವನ್ನು ಟಿಕೆಟ್ಟಿನಲ್ಲೇ ಸೇರಿಸಿ ಕಂಪನಿಯೇ ಕೊಡಬೇಕು ಅನ್ನುವುದೇ ನನ್ನ ಖಡಾಖಂಡಿತ ಅಭಿಪ್ರಾಯ. ಆದರೆ ಕಂಪನಿ ಹಾಗೆ ಮಾಡುವವರೆಗೆ ನಾವು ಟಿಪ್ಸ್ ತೆಗೆಸಿದರೆ ಕಂಪನಿಗೆ ನಷ್ಟವಿಲ್ಲ, ಆ ಹುಡುಗರಿಗೆ ಮಾತ್ರ.

"ನಾವು ಬೇಕಾದವರಿಗೆ ಕೈಯಲ್ಲೇ ಕೊಡ್ತೀವಿ" ಅನ್ನುವವರೂ ಇದ್ದಾರೆ. ಅವರಿಗೆ ನನ್ನ ಪ್ರಶ್ನೆ ಇದು: ಬಟ್ಟೆ ಒಗೆಯುವವನ ಕೈ ಎಲ್ಲಿ ಸಿಗುತ್ತದೆ? ಪಾತ್ರೆ ತಿಕ್ಕುವವನು ಮೇಲೆ ಬರುವುದೇ ಇಲ್ಲ. ಬಿಲ್ಲಿಗೆ ಬಿದ್ದ ಟಿಪ್ಸನ್ನು ಕಂಪನಿಗಳು ಒಟ್ಟುಮಾಡಿ ಹಂಚುತ್ತವೆ, ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಆದರೆ ಎಷ್ಟೋ ಕಡೆ ಕಣ್ಣಿಗೆ ಕಾಣದವರಿಗೂ ಅದರಲ್ಲಿ ಪಾಲಿದೆ. ದೇಶದ ಮೊಟ್ಟಮೊದಲ ಕೃಷಿ ಸಹಕಾರಿ ಸಂಘಗಳಲ್ಲಿ ಒಂದು 1905ರಲ್ಲಿ ಶುರುವಾದದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಒಂದು ಕಡೆ ದುಡ್ಡು ಹಾಕಿ, ಕಷ್ಟದಲ್ಲಿರುವವನಿಗೆ ಸಾಲ ಸಿಗುವ ಹಾಗೆ ಮಾಡಿದರು. ಆ ನೆಲದಿಂದ ಹೋದವರಿಗೆ ಒಟ್ಟಿಗೆ ಹಾಕಿ ಹಂಚುವುದರ ಅರ್ಥ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇಳಿಯುವ ದಿನದ ಬಗ್ಗೆಯೂ ಹೇಳಬೇಕು. ಹಿಂದಿನ ರಾತ್ರಿಯೇ ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ನಾವು ತುಂಬಿಕೊಳ್ಳುವಾಗ ಹಾಸಿಗೆ ಕೊಳೆಯಾಗದಿರಲಿ ಅಂತ ನಮ್ಮ ಕೋಣೆಯ ಹುಡುಗ ಮೊದಲೇ ಅದರ ಮೇಲೊಂದು ದಪ್ಪ ಹೊದಿಕೆ ಹಾಸಿ ಹೋಗಿದ್ದ. ಅವ್ವ ಅದನ್ನು ಮುಟ್ಟಿ ನೋಡಿ ಮೆಚ್ಚಿಕೊಂಡಳು. ಬೆಳಗ್ಗೆ ಎಂಟಕ್ಕೆಲ್ಲ ಕೋಣೆ ಬಿಡಬೇಕು. ಹೊಸ ಪ್ರಯಾಣಿಕರು ಮಧ್ಯಾಹ್ನದ ಹೊತ್ತಿಗೆ ಹತ್ತಲು ಶುರು ಮಾಡಿರುತ್ತಾರೆ. ಆ ನಾಲ್ಕೈದು ಗಂಟೆಯಲ್ಲಿ ತನ್ನ ಪಾಲಿನ ಅಷ್ಟೂ ಕೋಣೆಗಳ ಹಾಸಿಗೆ ಬದಲಿಸಿ, ಬಚ್ಚಲು ತಿಕ್ಕಿ, ಕನ್ನಡಿ ಒರೆಸಿ, ಮುಗುಳ್ನಗುತ್ತಾ ಬಾಗಿಲಲ್ಲಿ ನಿಂತಿರಬೇಕು ಅವನು. ನಾವು ಟ್ಯಾಕ್ಸಿ ಹತ್ತಿ ಮನೆಗೆ ಹೋಗಿ ಕಾಲು ಚಾಚುವ ಹೊತ್ತಿಗೆ ಅವನಿಗೆ ಮತ್ತೆ ಮೊದಲನೇ ದಿನ.

ಹಡಗಿನಲ್ಲಿ ನನಗೆ ತುಂಬಾ ಹಿಡಿಸಿದ್ದೂ ಇದೆ. ಅವ್ವನ ಗಾಲಿಕುರ್ಚಿಗೆ ಎಲ್ಲಿಯೂ ಯಾರ ಕಾಲಿಗೂ ಬೀಳಬೇಕಾಗಲಿಲ್ಲ. ಲಿಫ್ಟು, ಇಳಿಜಾರು ದಾರಿ, ಅಗಲದ ಬಾಗಿಲು, ನಾಟಕ ನೋಡಲು ಕುರ್ಚಿ ನಿಲ್ಲಿಸುವ ಜಾಗ. ನಮ್ಮ ಜಾತ್ರೆಗಳಲ್ಲಿ, ಮಂಟಪಗಳಲ್ಲಿ ಅವಳು ಮೆಟ್ಟಿಲು ನೋಡಿಯೇ "ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ತೀನಿ" ಅನ್ನುತ್ತಾಳೆ. ಇದನ್ನು ನಾವು ಕಲಿಯಲೇಬೇಕು.

ಈಗ ಊರಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಬಡಿಸುವುದು ಗೌರವದ ಕೆಲಸ. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ, ಬಂದವರಿಗೆಲ್ಲ ಊಟ. ಮಠಗಳ ದಾಸೋಹದಲ್ಲಿ ಬಡಿಸುವವರು ಊರಿನ ಜನರೇ. ಪ್ಯಾಂಟು ಮಡಚಿ ಸಾರಿನ ಬಕೆಟ್ಟು ಹಿಡಿದವರಲ್ಲಿ ಮಾಸ್ತರರೂ ಇರುತ್ತಾರೆ, ಅಂಗಡಿಯವರೂ ಇರುತ್ತಾರೆ. ಎಲ್ಲರದೂ ಆದ ಮೇಲೆ ಅವರು ಕೂತರೆ, ಉಂಡವರೇ ಎದ್ದು ಬಂದು ಅವರಿಗೆ ಬಡಿಸುತ್ತಾರೆ. ನಾನು ಚಿಕ್ಕವನಿದ್ದಾಗ ಮನೆಯ ಮದುವೆಗಳೂ ಹೀಗೇ ಇದ್ದವು. ಓಣಿಯ ಹುಡುಗರೆಲ್ಲ ಬಡಿಸಿ, ಕೊನೆಯ ಪಂಕ್ತಿಯಲ್ಲಿ ಕೂತಾಗ ಹೋಳಿಗೆ ಮೇಲೆ ತುಪ್ಪ ಹಾಕಲು ಮದುವೆ ಮನೆಯ ಯಜಮಾನನೇ ಬರುತ್ತಿದ್ದ.

ಈಗ ಕಲ್ಯಾಣ ಮಂಟಪಗಳಲ್ಲಿ ಕ್ಯಾಟರಿಂಗ್. ಬಡಿಸುವ ಹುಡುಗರು ಸುತ್ತಲಿನ ಹಳ್ಳಿಗಳವರು, ಹಾಸ್ಟೆಲಿನಲ್ಲಿ ಓದುವವರು, ದಿನಗೂಲಿಗೆ ಬಂದವರು. ಬೆಳಗ್ಗೆ ನಸುಕಿನಲ್ಲಿ ಉಪ್ಪಿಟ್ಟು ಶಿರಾ ಬಡಿಸಲು ಶುರು ಮಾಡಿದರೆ ಮಧ್ಯಾಹ್ನ ನಾಲ್ಕರವರೆಗೆ ನಿಂತೇ ಇರುತ್ತಾರೆ. ಕೊನೆಗೆ ಕೈ ತೊಳೆಯುವ ಜಾಗದ ಪಕ್ಕ, ಪಾತ್ರೆಗಳ ಸಂದಿಯಲ್ಲಿ, ಉಳಿದ ಅನ್ನಕ್ಕೆ ತಳದ ಸಾರು ಹಾಕಿಕೊಂಡು ನಿಂತೇ ಉಣ್ಣುತ್ತಾರೆ. ಎಷ್ಟೋ ಸಲ ಹೋಳಿಗೆ ಮುಗಿದಿರುತ್ತದೆ. "ಏ, ಇಲ್ಲಿ ನೀರು ಹಾಕು" ಅಂತ ಏಕವಚನದಲ್ಲಿ ಕೂಗುವವರು ನಾವೇ. ಹಡಗಿನ ಗೋಡೆಗೆ ಹಚ್ಚುವ ಕೆಲಸದ ವೇಳಾಪಟ್ಟಿಯಂಥದ್ದು ಯಾವ ಮಂಟಪದ ಗೋಡೆಯ ಮೇಲೂ ನಾನು ನೋಡಿಲ್ಲ. ಹಾಗಾಗಿ ಅಲ್ಲಿಯವರಿಗೆ ಮನುಷ್ಯತ್ವ ಇಲ್ಲ, ನಮ್ಮಲ್ಲಿ ದಾಸೋಹ ಇದೆ ಅಂತ ಎದೆ ತಟ್ಟಿಕೊಳ್ಳಲು ನನಗೆ ಮನಸ್ಸಿಲ್ಲ. ಮಠದಲ್ಲಿ ಉಳಿಸಿಕೊಂಡಿದ್ದನ್ನು ಮಂಟಪದಲ್ಲಿ ಬಿಟ್ಟಿದ್ದೇವೆ.

ಹಡಗಿನ ಕೆಲಸಕ್ಕೆ ಹೋಗಬೇಕು ಅನ್ನುವ ಓಣಿಯ ಇಬ್ಬರು ಹುಡುಗರೂ ಬಂದು ಮಾತಾಡಿಸಿದರು, ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾರೆ. ಒಬ್ಬ ಏಜೆಂಟ್ ಕೆಲಸ ಕೊಡಿಸಲು ದೊಡ್ಡ ಮೊತ್ತ ಕೇಳಿದ್ದಾನಂತೆ. ಇದನ್ನು ಎಲ್ಲರೂ ತಿಳಿದಿರಲಿ: ನಾನು ಮೇಲೆ ಹೇಳಿದ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಹುಡುಗರ ಹತ್ತಿರ ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟು, ಮೆಡಿಕಲ್, ಸಿಡಿಸಿ ಅನ್ನುವ ನಾವಿಕರ ಪುಸ್ತಕ, ಇವುಗಳ ಖರ್ಚು ಅಷ್ಟೇ ಹುಡುಗರದು. ಡಿಜಿ ಶಿಪ್ಪಿಂಗ್ ಅನ್ನುವ ಕೇಂದ್ರ ಸರ್ಕಾರದ ಹಡಗು ಇಲಾಖೆಯ ಲೈಸೆನ್ಸ್ ಇರುವ ಏಜೆನ್ಸಿಯ ಮೂಲಕವೇ ಹೋಗಿ. ಹೋಗುವುದಾದರೆ ಹೋಗಿ, ಊರು ದೇಶ ನೋಡಬಹುದು, ದುಡ್ಡು ಉಳಿಯುತ್ತದೆ. ಗಂಟೆಗಳ ಲೆಕ್ಕ ಮಾತ್ರ ಗೊತ್ತಿದ್ದು ಹೋಗಿ.

ಬರುವ ತಿಂಗಳು ಹುಬ್ಬಳ್ಳಿಯಲ್ಲಿ ಕಾಕಾನ ಮಗಳ ಮದುವೆ ಇದೆ. ಮೊನ್ನೆ ಕ್ಯಾಟರಿಂಗಿನವರು ಪಟ್ಟಿ ತಂದಿದ್ದರು. ಎಷ್ಟು ಎಲೆ, ಎಷ್ಟು ಬಗೆ, ಹುಗ್ಗಿಯೋ ಹೋಳಿಗೆಯೋ ಅಂತ ಮಾತು ನಡೆದಿತ್ತು. ಬಡಿಸುವ ಹುಡುಗರಿಗೆ ಮೊದಲ ಪಂಕ್ತಿಗಿಂತ ಮುಂಚೆ ಊಟ ಆಗಬೇಕು ಅಂತ ನಾನು ಅಂದೆ. ಕಾಕಾ ನನ್ನನ್ನೇ ನೋಡಿದರು. "ಬೀಗರು ಉಣ್ಣೂದಕಿಂತ ಮೊದಲ ಅವರು ಉಂಡರ ಜನ ಏನಂದಾರು?" ಅವ್ವ ಒಳಗಿಂದಲೇ ಕೂಗಿ ಹೇಳಿದಳು, "ಹಸಿದವರ ಕಡೆ ಬಡಿಸ್ಕೊಂಡು ಉಂಡರ ಬೀಗರಿಗೆ ಪುಣ್ಯ ಬರ್ತದೇನು?" ವಾದ ಬಹಳ ಹೊತ್ತು ನಡೆಯಿತು. ಕ್ಯಾಟರಿಂಗಿನವರಿಗೆ ಅದು ಕಷ್ಟವೇ ಅಲ್ಲ, ಹನ್ನೊಂದಕ್ಕೆಲ್ಲ ಅಡುಗೆ ಆಗಿರುತ್ತದೆ, ಯಾರೂ ಕೇಳುವುದಿಲ್ಲ ಅಂತ ಮಾಡುವುದಿಲ್ಲ ಅಷ್ಟೇ ಅಂದರು ಅವರೇ. ಕೊನೆಗೆ ಕಾಕಾ ಒಪ್ಪಿದರು. ಹನ್ನೊಂದು ಗಂಟೆಗೆ ಹುಡುಗರ ಊಟ, ಕೂತು, ಎಲೆ ಹಾಕಿ, ಬೀಗರಿಗೆ ಏನು ಮಾಡುತ್ತಾರೋ ಅದೇ ಹೋಳಿಗೆ. ಕೂಲಿ ಅವತ್ತೇ ಕೈಗೆ, ಊರಿಗೆ ಹೋಗುವ ಬಸ್ ಚಾರ್ಜು ಬೇರೆ. ಇಷ್ಟನ್ನೂ ಪಟ್ಟಿಯ ಕೆಳಗೆ ಕಾಕಾ ತಾವೇ ಬರೆದು ಸಹಿ ಹಾಕಿದರು. ಅವ್ವ ಆ ಪಂಕ್ತಿಗೆ ತುಪ್ಪ ಬಡಿಸುವುದು ನಾನೇ ಅಂದಿದ್ದಾಳೆ, ಮೊಣಕಾಲಿನ ಸಲುವಾಗಿ ಗಾಲಿಯ ಕುರ್ಚಿ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅಂತ ನಾಳೆ ವಿಚಾರಿಸಬೇಕು.